ಪಕ್ಕದ ಫೈಲ್ ಯಾಕೆ ಬರುತ್ತಿಲ್ಲ?

ಪ್ರಶ್ನೆ: ಪ್ರಕಾಶನವೊಂದರಲ್ಲಿ ಪ್ರೂಫ್ ನೋಡುತ್ತೇನೆ. ವರ್ಡ್‌ನಲ್ಲಿ ಲೇಖಕರ ಮೂಲ ಪ್ರತಿ ಒಂದು, ತಿದ್ದುವ ಪ್ರತಿ ಇನ್ನೊಂದು. ವಿಂಡೋಸ್‌ನಲ್ಲಿ ಆಲ್ಟ್-ಟ್ಯಾಬ್ ಒತ್ತಿ ಎರಡರ ನಡುವೆ ಓಡಾಡುತ್ತಿದ್ದೆ. ಈಗ ಮ್ಯಾಕ್ ಕೊಟ್ಟಿದ್ದಾರೆ. ಕಮಾಂಡ್-ಟ್ಯಾಬ್ ಒತ್ತಿದರೆ ಸಫಾರಿ ಬರುತ್ತದೆ, ಮೇಲ್ ಬರುತ್ತದೆ, ಇನ್ನೊಂದು ವರ್ಡ್ ಫೈಲ್ ಮಾತ್ರ ಬರುವುದಿಲ್ಲ. ಮೆಷೀನ್ ಕೆಟ್ಟಿದೆಯೇ?
– ಹೆಸರು ಬೇಡ ಎಂದವರು, ಶಿವಮೊಗ್ಗ

ಉತ್ತರ: ಕೆಟ್ಟಿಲ್ಲ ಮೇಡಂ. ಮ್ಯಾಕ್‌ನ ಲೆಕ್ಕವೇ ಬೇರೆ. ವಿಂಡೋಸ್‌ನ ಆಲ್ಟ್-ಟ್ಯಾಬ್ ಒಂದೊಂದು ವಿಂಡೋವನ್ನೂ ಎಣಿಸುತ್ತದೆ. ಕಮಾಂಡ್-ಟ್ಯಾಬ್ ಆಪ್‌ಗಳನ್ನಷ್ಟೇ ಎಣಿಸುತ್ತದೆ. ರೇಷನ್ ಕಾರ್ಡ್ ಇದ್ದ ಹಾಗೆ, ಮನೆಗೊಂದು, ತಲೆಗೊಂದಲ್ಲ. ಕೆಂಪು ಗುಂಡಿ ಒತ್ತಿ ಫೈಲ್ ಮುಚ್ಚಿದರೂ ವರ್ಡ್ ತೆರೆದೇ ಇರುತ್ತದೆ, ನೋಡಿದ್ದೀರಲ್ವಾ? ಅದೂ ಇದೇ ಲೆಕ್ಕ.

ನಿಮಗೆ ಬೇಕಾದ್ದು ಟ್ಯಾಬ್ ಅಲ್ಲ, ಅದರ ಮೇಲಿರುವ ಕೀ. 1ರ ಎಡಕ್ಕೆ, ಅಲೆಯಂಥ ಗೆರೆ ಇರುವುದು. ಕಮಾಂಡ್ ಹಿಡಿದು ಅದನ್ನು ಒತ್ತಿ. ವರ್ಡ್ ಒಳಗೇ ಒಂದು ಫೈಲ್‌ನಿಂದ ಇನ್ನೊಂದಕ್ಕೆ ಹೋಗುತ್ತೀರಿ. ಜೊತೆಗೆ ಶಿಫ್ಟ್ ಒತ್ತಿದರೆ ಹಿಂದುಮುಂದಾಗಿ ಸುತ್ತುತ್ತದೆ.

ಹಳದಿ ಗುಂಡಿ ಒತ್ತಿ ಕೆಳಗಿಳಿಸಿದ ಫೈಲ್ ಮಾತ್ರ ಇದಕ್ಕೆ ಸಿಗುವುದಿಲ್ಲ. ಆಗ ಕಂಟ್ರೋಲ್ ಹಿಡಿದು ಕೆಳಬಾಣದ ಕೀ ಒತ್ತಿ. ವರ್ಡ್‌ನ ಎಲ್ಲ ವಿಂಡೋಗಳೂ ಹರಡಿಕೊಳ್ಳುತ್ತವೆ, ಇಳಿಸಿಟ್ಟವು ಕೆಳಗೆ ಚಿಕ್ಕದಾಗಿ ಕಾಣುತ್ತವೆ. ನಾನಂತೂ ಹಳದಿ ಗುಂಡಿಯ ಸಹವಾಸವನ್ನೇ ಬಿಟ್ಟಿದ್ದೇನೆ.

ಮ್ಯಾಕ್‌ನ ಈ ಕ್ರಮದಲ್ಲಿ ನನಗೆ ಸಿಟ್ಟು ಬರಿಸುವುದು ಇನ್ನೊಂದು. ಸಫಾರಿಯಲ್ಲಿ ನಿಘಂಟು ನೋಡಿ ಕಮಾಂಡ್-ಟ್ಯಾಬ್‌ನಿಂದ ವರ್ಡ್‌ಗೆ ಮರಳಿದರೆ, ವರ್ಡ್‌ನ ಎಲ್ಲ ವಿಂಡೋಗಳೂ ಒಟ್ಟಿಗೆ ಮುಂದೆ ನುಗ್ಗಿ ನಿಘಂಟನ್ನು ಮುಚ್ಚಿಬಿಡುತ್ತವೆ. ಒಂದೇ ಫೈಲ್ ಮುಂದೆ ಬರಬೇಕಾದರೆ ಕಾಣುತ್ತಿರುವ ಅದರ ಅಂಚಿನ ಮೇಲೆ ಮೌಸ್‌ನಿಂದ ಕ್ಲಿಕ್ ಮಾಡಿ. ವಿಂಡೋಸ್ ರೀತಿಯೇ ಬೇಕೆನ್ನುವವರಿಗೆ ಆಲ್ಟ್‌ಟ್ಯಾಬ್ ಎಂಬ ಆಪ್ ಇದೆ. ಆದರೆ ಅದು ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ಕೇಳುತ್ತದೆ. ಆಫೀಸಿನ ಮೆಷೀನ್ ಅಂದ ಮೇಲೆ ಅಲ್ಲಿ ಒಂದು ಮಾತು ಕೇಳಿಯೇ ಹಾಕಿಕೊಳ್ಳಿ.

ಪ್ರಶ್ನೆ: ವಿಂಡೋಸ್ 11ರಲ್ಲಿ ಆಲ್ಟ್-ಟ್ಯಾಬ್ ಒತ್ತಿದರೆ ಎಡ್ಜ್‌ನ ಟ್ಯಾಬ್‌ಗಳೂ ಸಾಲಾಗಿ ನಿಲ್ಲುತ್ತವೆ. ಬೇಕಾದ್ದು ಸಿಗುವುದಿಲ್ಲ.
– ವಿದ್ಯಾರ್ಥಿ, ಗದಗ

ಉತ್ತರ: ಸೆಟ್ಟಿಂಗ್ಸ್, ಸಿಸ್ಟಮ್, ಮಲ್ಟಿಟಾಸ್ಕಿಂಗ್. ಅಲ್ಲಿ ಟ್ಯಾಬ್ ತೋರಿಸಬೇಡ ಎಂಬ ಆಯ್ಕೆ ಇದೆ. ಹಾಗೇ ಇದನ್ನೂ ಪ್ರಯತ್ನಿಸಿ: ಟಾಸ್ಕ್‌ಬಾರ್‌ನಲ್ಲಿ ವರ್ಡ್ ಮೂರನೆಯದಾಗಿದ್ದರೆ ವಿಂಡೋಸ್ ಕೀ ಹಿಡಿದು 3 ಒತ್ತುತ್ತಾ ಹೋಗಿ. ವರ್ಡ್ ಫೈಲ್‌ಗಳಷ್ಟೇ ಒಂದಾದ ಮೇಲೊಂದು ಬರುತ್ತವೆ.