ಪಶ್ಚಿಮದ ಮೆಟ್ಟಿಲ ಗೋಡೆಗೆ ಗ್ಲಾಸ್ ಬ್ಲಾಕ್: ಹಾಕುವ ಮುಂಚೆ ಇದನ್ನು ನೋಡಿ

ಸರ್, ಬಳ್ಳಾರಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಮನೆ, ಮೆಟ್ಟಿಲ ಪಕ್ಕ ಐದು ಅಡಿ ಅಗಲ, ಇಪ್ಪತ್ತು ಅಡಿ ಎತ್ತರಕ್ಕೆ ಗ್ಲಾಸ್ ಬ್ಲಾಕ್ (ಗಾಜಿನ ಟೊಳ್ಳು ಇಟ್ಟಿಗೆ) ಹಾಕಿದರೆ ಒಳಗೆ ಬಿಸಿ ಏರುತ್ತದಾ, ಮಳೆಗೆ ಸೋರುತ್ತದಾ ಅಂತ ಕೇಳಿದ್ದೀರಿ. ಜಾಗ ಒಳ್ಳೆಯದೇ ಆರಿಸಿದ್ದೀರಿ. ದಿಕ್ಕಿನದೇ ತೊಂದರೆ.

ಬ್ಲಾಕ್ ಒಳಗೆ ಟೊಳ್ಳು ಇರುವುದರಿಂದ ಒಂಟಿ ಗಾಜಿಗಿಂತ ಶಾಖ ಕಡಿಮೆ ದಾಟುತ್ತದೆ. ಆದರೆ ನೇರ ಬಿಸಿಲು ಬಿದ್ದರೆ ಬೆಳಕಿನ ಜೊತೆ ಕಾವೂ ಬರುತ್ತದೆ. ನಮ್ಮೂರ ಮೇ ತಿಂಗಳ ಬಗ್ಗೆ ನಿಮಗೆ ಹೇಳಬೇಕಾ? ಸಂಜೆ ನಾಲ್ಕರ ಬಿಸಿಲು ಓರೆಯಾಗಿ ಬೀಳುತ್ತದೆ, ಮೇಲಿನ ಸಜ್ಜಾ ಅದನ್ನು ತಡೆಯುವುದಿಲ್ಲ. ಹೊರಗೆ ನಿಲುವಾದ ಪಟ್ಟಿಗಳೋ ಜಾಲಿಯೋ ಬೇಕು. ಬ್ಲಾಕ್ ತೆರೆಯಲು ಬರುವುದಿಲ್ಲ, ಹಾಗಾಗಿ ಮೆಟ್ಟಿಲ ತುದಿಯ ಹೆಡ್‌ರೂಮಿನಲ್ಲಿ ಗಾಳಿ ಕಿಂಡಿ ಬಿಡಿ. ಇಲ್ಲವಾದರೆ ಬಿಸಿಗಾಳಿ ಮೇಲೇ ಕೂರುತ್ತದೆ.

ಸೋರುವುದು ಬ್ಲಾಕ್ ಅಲ್ಲ, ಸಂದು. ಅದಕ್ಕೇ ಗೌಂಡಿ ಯಾರು ಅನ್ನುವುದು ಮುಖ್ಯ. ಇಟ್ಟಿಗೆ ಕಟ್ಟಿದ ಹಾಗೆ ಕಟ್ಟಿದರೆ ಕೆಟ್ಟಿತು. ಗಾಜು ನೀರು ಹೀರುವುದಿಲ್ಲ, ಬ್ಲಾಕ್ ನೆನೆಸಬೇಡಿ. ಮಾಲು, ಅಂದರೆ ಸಿಮೆಂಟ್ ಗಾರೆ, ಗಟ್ಟಿಯಾಗಿ ಕಲಸಲಿ, ತೆಳುವಾದರೆ ಬ್ಲಾಕ್ ಜಾರುತ್ತದೆ. ಸಂದು ಸಮವಾಗಿರಲು ಪ್ಲಾಸ್ಟಿಕ್ ಸ್ಪೇಸರ್ ಇಡಿಸಿ. ಒಂದೇ ದಿನದಲ್ಲಿ ಮೇಲಿನ ತನಕ ಏರಿಸಲು ಬಿಡಬೇಡಿ. ಸಂದಿನ ಮಧ್ಯೆ ಹಾಕುವ 6 ಮಿ.ಮೀ. ಸರಳು ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ, ಸಾದಾ ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ಸಂದು ಬಿರಿಯುತ್ತದೆ.

ಇದು ಭಾರ ಹೊರುವ ಗೋಡೆ ಅಲ್ಲ. ಇಪ್ಪತ್ತು ಅಡಿಯನ್ನೂ ಒಂದೇ ಸಮನೆ ಎಬ್ಬಿಸದೆ, ಪ್ರತಿ ಮಹಡಿಯ ಬೀಮ್ ಮೇಲೆ ಹೊಸದಾಗಿ ಶುರು ಮಾಡಿಸಿ. ಮೇಲ್ಗಡೆ ಮತ್ತು ಎರಡೂ ಬದಿ 10 ಮಿ.ಮೀ. ಬಿಟ್ಟು, ಮೆತ್ತನೆ ಫೋಮ್ ತುಂಬಿ, ಹೊರಗೆ ಸಿಲಿಕೋನ್ ಎಳೆಸಿ. ಸಂದು ಕಂಡ ಕೂಡಲೇ ಸಿಮೆಂಟ್ ತುಂಬುವ ಚಾಳಿ ಗೌಂಡಿಗಳಿಗೆ ಇರುತ್ತದೆ, ಪಕ್ಕದಲ್ಲೇ ನಿಂತು ತಡೆಯಿರಿ. ಬಿಸಿಲಿಗೆ ಗಾಜು ಹಿಗ್ಗುತ್ತದೆ, ಬೀಮ್ ಸ್ವಲ್ಪ ಬಾಗುತ್ತದೆ, ಜಾಗ ಇಲ್ಲದಿದ್ದರೆ ಬ್ಲಾಕೇ ಸೀಳುತ್ತದೆ.

ಅಳತೆ ಈಗಲೇ ಸರಿ ಮಾಡಿಕೊಳ್ಳಿ. 190 ಮಿ.ಮೀ. ಬ್ಲಾಕ್ ಏಳು, ನಡುವೆ 10 ಮಿ.ಮೀ. ಸಂದು ಆರು, ಬದಿಗಳೂ ಸೇರಿ 1410 ಮಿ.ಮೀ. ಅಂದರೆ ಸುಮಾರು ನಾಲ್ಕು ಅಡಿ ಏಳೂವರೆ ಇಂಚು. ನಿಮ್ಮ ಐದು ಅಡಿಯಲ್ಲಿ ಮಿಕ್ಕಿದ್ದನ್ನು ಗೋಡೆ ಬೆಳೆಸಿ ತುಂಬಿಸಿ, ಟೊಳ್ಳು ಬ್ಲಾಕ್ ಕತ್ತರಿಸಿದರೆ ಕೆಲಸಕ್ಕೆ ಬರುವುದಿಲ್ಲ.

ಡಿಸೈನ್ ಅಲೆಯಂಥದ್ದು ತಗೊಳ್ಳಿ. ಪಾರದರ್ಶಕ ಆದರೆ ರಾತ್ರಿ ಲೈಟ್ ಹಾಕಿದಾಗ ಮೆಟ್ಟಿಲು ಹತ್ತುವವರು ರಸ್ತೆಗೆ ಕಾಣುತ್ತಾರೆ, ಹೆಣ್ಮಕ್ಕಳಿಗೆ ಇರುಸುಮುರುಸು ಅಲ್ವಾ? ಆದರೆ ಅಲೆ ಬ್ಲಾಕಿನ ಒಳಬದಿಗಿದ್ದು ಹೊರಮೈ ನುಣುಪಾಗಿರಲಿ, ನಮ್ಮ ಕೆಂಧೂಳು ಗೀರುಗಳಲ್ಲಿ ಕೂತರೆ ಹೋಗುವುದಿಲ್ಲ. ಮಾಲು ಒಣಗುವ ಮುಂಚೆ ಒದ್ದೆ ಬಟ್ಟೆಯಲ್ಲಿ ಒರೆಸಿಸಿ. ಆಮೇಲೆ ಆ್ಯಸಿಡ್ ಹಾಕಿದರೆ ಸಂದಿನ ಸಿಮೆಂಟನ್ನೇ ತಿನ್ನುತ್ತದೆ. ಒಂದು ಡಬ್ಬ ಜಾಸ್ತಿ ತಂದಿಡಿ, ಅದೇ ಡಿಸೈನ್ ಮುಂದೆ ಸಿಗದೇ ಇರಬಹುದು.