ಕೇಳಿಸಿದ ಒಂದೇ ಪ್ರಾರ್ಥನೆ

ಇಷ್ಟು ಬೇಡಿಕೊಂಡರೂ ದೇವರಿಗೆ ಯಾಕೆ ಕೇಳಿಸಲಿಲ್ಲ ಎಂಬ ಮಾತನ್ನು ಬೇರೆ ಬೇರೆ ಮನೆಗಳಲ್ಲಿ ಕೇಳಿದ್ದೇನೆ. ದೇವರು ಬೇರೆ, ಕಾಯಿಲೆ ಬೇರೆ, ಮಾತು ಮಾತ್ರ ಅದೇ. ಆದರೆ ಈ ಒಂದು ಮನೆಯಲ್ಲಿ ನಾನು ಕೊಟ್ಟ ಉತ್ತರ ನನಗೇ ತಿರುಗಿ ಬಡಿಯಿತು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಕಾಸರಗೋಡಿನ ಒಳಗಿನ ಒಂದು ಪಂಚಾಯತಿನಲ್ಲಿ, ಗುಣವಾಗದ ಕಾಯಿಲೆಯವರ ನೋವು ಕಡಿಮೆ ಮಾಡಿ ಆರೈಕೆ ಮಾಡುವ ಪಾಲಿಯೇಟಿವ್ ತಂಡದ ಜೊತೆ ನಾನು ಮನೆಮನೆಗೆ ಹೋಗುತ್ತೇನೆ. ಕೇರಳದಲ್ಲಿ 2008ರಲ್ಲಿ ಪಾಲಿಯೇಟಿವ್ ನೀತಿ ಬಂದ ಮೇಲೆ ನರ್ಸ್ ಮನೆಗೇ ಬರುವುದು ಇಲ್ಲಿ ರೂಢಿಯಾಗಿದೆ. ನಮ್ಮ ಸಿಸ್ಟರ್ ಮಾತು ಮಲಯಾಳ. ಗಾಯ ತೊಳೆಯಲು ಅದು ಸಾಕು. ದುಃಖ ಹೇಳಿಕೊಳ್ಳುವವರಿಗೆ ಕನ್ನಡವೋ ತುಳುವೋ ಬೇಕಾಗುತ್ತದೆ. ಆಗ ನನ್ನನ್ನು ಕರೆಯುತ್ತಾರೆ.

ಈ ಮನೆಯ ಹೆಂಗಸಿನ ಗಂಡನಿಗೆ ಬಾಯಿಯ ಕ್ಯಾನ್ಸರ್. ಇಪ್ಪತ್ತನೇ ವಯಸ್ಸಿನಿಂದ ವೀಳ್ಯ, ಹೊಗೆಸೊಪ್ಪು. (ಅಡಿಕೆ ನಮ್ಮ ಅನ್ನ, ಆದರೂ ಹೇಳಲೇಬೇಕು: ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಜಗಿದರೂ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2003ರಲ್ಲೇ ಹೇಳಿದೆ.) ಮಂಗಳೂರಿನಲ್ಲಿ ಆಪರೇಷನ್, ರೇಡಿಯೇಷನ್, ಎರಡು ವರ್ಷ ಓಡಾಟ. ಮಧೂರು ಗಣಪತಿಗೆ ಅಕ್ಕಿ ಬೆಲ್ಲದ ಅಪ್ಪದ ಸೇವೆ ಹೇಳಿಕೊಂಡರು. ಮನೆಯ ದೈವಕ್ಕೆ ತಂಬಿಲ ಕೊಟ್ಟರು. ಪಕ್ಕದ ಮನೆಯವರು ಬೇಳದ ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿದರು. ಗಂಡ ಉಳಿಯಲಿಲ್ಲ.

ನಾಲ್ಕು ತಿಂಗಳಾದರೂ ಆಕೆಗೆ ನಿದ್ದೆ ಇಲ್ಲ, ಊಟ ಇಲ್ಲ. ಮೊದಲ ಎರಡು ಭೇಟಿಯಲ್ಲಿ ಹರಕೆಯದ್ದೇ ಮಾತು. ಗುಣವಾದರೆ ಸೇವೆ ಎಂದು ಹೇಳಿದ್ದು, ಗುಣವಾಗಲಿಲ್ಲ, ಈಗ ಬಾಕಿ ಉಂಟಾ ಇಲ್ಲವಾ? ಅದೇ ಕೊರಗು ಎಂದುಕೊಂಡೆ. ತಪ್ಪು ತಿಳಿದಿದ್ದೆ.

ಮೂರನೇ ಸಲ ಹೋದಾಗ ಆಕೆ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದರು. ತಲೆ ಎತ್ತದೆ ಹೇಳಿದರು:

“ಅಕ್ಕಾ, ದೇವರಿಗೆ ಕಿವಿ ಇಲ್ಲ ಅಂತ ನಾನು ಹೇಳುವುದಿಲ್ಲ. ಒಂದು ಸಲ ಕೇಳಿಸಿದೆ.”

“ಯಾವಾಗ?”

“ಕೊನೆಯ ವಾರ. ರಾತ್ರಿ ಎರಡು ಗಂಟೆ ಆಗಿರಬಹುದು. ಗಾಯದ ಬಟ್ಟೆ ಬದಲಿಸಿದೆ. ಇವರು ನನ್ನ ಕೈ ಹಿಡಿದು ನರಳಿದರು. ನೋಡಲಿಕ್ಕಾಗದೆ ಹೊರಗೆ ಬಂದು ತುಳಸಿಕಟ್ಟೆಯ ಹತ್ತಿರ ನಿಂತೆ. ಸಾಕು, ಕರಕೊಂಡು ಹೋಗು ಅಂದೆ. ಮೂರನೇ ದಿನ ಕರಕೊಂಡು ಹೋದ. ಎರಡು ವರ್ಷ ಉಳಿಸು ಉಳಿಸು ಅಂದದ್ದು ಕೇಳಲಿಲ್ಲ. ಇದು ಕೇಳಿತು.” ಕೈ ನಿಂತಿತು. “ಇವರು ಹೋದದ್ದು ರೋಗದಿಂದಲಾ, ನನ್ನ ಬಾಯಿಯಿಂದಲಾ?”

ಆ ಹೊತ್ತಿಗೆ ಬಾಯಿಗೆ ಬರುವ ಮಾತು “ಎಲ್ಲ ದೇವರ ಇಚ್ಛೆ”. ನಾನು ಅದನ್ನು ಹೇಳುವುದಿಲ್ಲ. ಹೇಳಿದವರು ಎದ್ದು ಹೋಗುತ್ತಾರೆ, ಕೇಳಿದವರು ಅದರ ಜೊತೆ ರಾತ್ರಿ ಕಳೆಯಬೇಕು. ಸಿಸ್ಟರ್ ಹತ್ತಿರ ರಿಜಿಸ್ಟರ್ ಕೇಳಿ ತರಿಸಿಕೊಂಡೆ. ಇಬ್ಬರೂ ಕೂತು ದಿನಾಂಕ ನೋಡಿದೆವು. ತುಳಸಿಕಟ್ಟೆಯ ಆ ರಾತ್ರಿಗಿಂತ ನಾಲ್ಕು ದಿನ ಮೊದಲೇ ಸಿಸ್ಟರ್ ಬರೆದಿದ್ದರು: ನೀರು ನುಂಗುತ್ತಿಲ್ಲ, ಮೂತ್ರ ಕಡಿಮೆ, ಜಾಸ್ತಿ ಹೊತ್ತು ಮಂಪರು. “ನೀವು ಬೇಡಿಕೊಳ್ಳುವ ಮೊದಲೇ ಜೀವ ಹೊರಟಿತ್ತು” ಎಂದೆ.

ಆಕೆ ಆ ಪುಟವನ್ನು ತುಂಬ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, “ಹಾಗಾದರೆ ಅದೂ ಕೇಳಿಸಿರಲಿಲ್ಲ, ಅಲ್ವಾ?”

ನನ್ನಲ್ಲಿ ಮಾತಿರಲಿಲ್ಲ. ಆಕೆ ಅತ್ತರು. ನಾನು ಸುಮ್ನೆ ಕೂತಿದ್ದೆ.

ನೀವು ಹಾಗೆ ಮಾಡಬಾರದಿತ್ತು, ಇದ್ದ ಒಂದು ನಂಬಿಕೆಯನ್ನೂ ಕಿತ್ತುಕೊಂಡಿರಿ ಎಂದು ಜೊತೆಯ ಕೆಲಸಗಾರರೊಬ್ಬರು ಆಮೇಲೆ ಹೇಳಿದರು. ಇರಬಹುದು. ಆದರೆ ದೇವರ ಜೊತೆ ಜಗಳ ಮಾಡಿಕೊಂಡು ಬದುಕಿದವರನ್ನು ನಾನು ಎಷ್ಟೋ ಮಂದಿ ನೋಡಿದ್ದೇನೆ. ಗಂಡನನ್ನು ಕೊಂದೆ ಎಂದುಕೊಂಡು ಬದುಕಲು ಆಗುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಬೇಕಿತ್ತು, ಆರಿಸಿದೆ. ನಾಳೆ ಇಂಥದೇ ಮನೆಗೆ ಹೋದರೂ ರಿಜಿಸ್ಟರ್ ತೆರೆಯುತ್ತೇನೆ.

ನನಗೆ ಸಿಟ್ಟು ಬಂದದ್ದು ಬೇರೆ ಕಡೆ. ನಾದಿನಿಯೊಬ್ಬರು ಹದಿಮೂರರ ದಿನ ಎಲ್ಲರೆದುರು “ನಂಬಿಕೆ ಸಾಲಲಿಲ್ಲ” ಎಂದಿದ್ದರಂತೆ. ರಾಮಕೃಷ್ಣ ಪರಮಹಂಸರು 1886ರಲ್ಲಿ ಗಂಟಲ ಕ್ಯಾನ್ಸರಿನಿಂದ ತೀರಿಕೊಂಡರು. ರಮಣ ಮಹರ್ಷಿಗಳ ತೋಳಿನ ಗಡ್ಡೆಗೆ ನಾಲ್ಕು ಸಲ ಆಪರೇಷನ್ ಆದರೂ 1950ರಲ್ಲಿ ಹೋದರು. ಬೈಬಲಿನ ಪೌಲ ತನ್ನ ಮೈಯ ಮುಳ್ಳು ತೆಗೆ ಎಂದು ಮೂರು ಸಲ ಬೇಡಿದ, ಮುಳ್ಳು ಹೋಗಲಿಲ್ಲ. ಇವರಿಗೆಲ್ಲ ನಂಬಿಕೆ ಸಾಲಲಿಲ್ಲವಾ? ಸಾವಿನ ಮನೆಗೆ ಹೋಗುವಾಗ ಆ ಮಾತನ್ನು ಗೇಟಿನ ಹೊರಗೆ ಬಿಟ್ಟು ಹೋಗಿ.

ಪ್ರಾರ್ಥನೆಯನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದಲ್ಲಿ ಹೃದಯದ ಬೈಪಾಸ್ ಆದ 1802 ಮಂದಿಯನ್ನು ನೋಡಿದ ಅಧ್ಯಯನ 2006ರಲ್ಲಿ ಬಂತು. ತಮಗಾಗಿ ಬೇರೆಯವರು ಪ್ರಾರ್ಥಿಸುತ್ತಿದ್ದಾರೆಂದು ಗೊತ್ತಿಲ್ಲದವರಿಗೂ, ಯಾರೂ ಪ್ರಾರ್ಥಿಸದವರಿಗೂ ವ್ಯತ್ಯಾಸ ಕಾಣಲಿಲ್ಲ. ಪ್ರಾರ್ಥಿಸುತ್ತಿದ್ದಾರೆಂದು ಖಚಿತವಾಗಿ ಗೊತ್ತಿದ್ದವರಲ್ಲೇ ತೊಂದರೆ ಸ್ವಲ್ಪ ಜಾಸ್ತಿ. ಈ ಲೆಕ್ಕವನ್ನು ನಾನು ಯಾರ ಜಗಲಿಗೂ ಕೊಂಡುಹೋಗುವುದಿಲ್ಲ. ಅಪರಿಚಿತರ ಪ್ರಾರ್ಥನೆಯ ಲೆಕ್ಕ ಅದು. ರಾತ್ರಿ ಎರಡು ಗಂಟೆಗೆ ಗಾಯದ ಬಟ್ಟೆ ಬದಲಿಸಿದವಳು ತುಳಸಿಕಟ್ಟೆಯಲ್ಲಿ ನಿಂತು ಬೇಡಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಆಕೆಗೆ ಹೇಳಿದ್ದು ಇಷ್ಟು. ಹರಕೆಯ ವಿಷಯ ದೇವಸ್ಥಾನದಲ್ಲೇ ಕೇಳಿ, ಕೇಳಿದ ಮೇಲೆ ತೀರ್ಮಾನ ನಿಮ್ಮದು. ಒಂದು ವರ್ಷ ಯಾವ ಜೋಯಿಸರ ಹತ್ತಿರವೂ ಪ್ರಶ್ನೆ ಇಡಿಸಬೇಡಿ, ತಪ್ಪು ಹುಡುಕುತ್ತಾ ಹೋದರೆ ಒಂದಲ್ಲ ಒಂದು ಸಿಕ್ಕೇ ಸಿಗುತ್ತದೆ. ರಾತ್ರಿ ಮಗಳ ಜೊತೆ ಕೂತು ಉಣ್ಣಿ. ಎರಡು ವಾರದಲ್ಲಿ ನಿದ್ದೆ ಬಾರದಿದ್ದರೆ ಆಸ್ಪತ್ರೆಗೆ ನಾನೇ ಜೊತೆಗೆ ಬರುತ್ತೇನೆ. ದೇವರ ಮೇಲೆ ಸಿಟ್ಟಿದ್ದರೆ ಅದನ್ನೂ ಅವನಿಗೇ ಹೇಳಿ. ಯಾಕೆ ಕೇಳಿಸಲಿಲ್ಲ ಎಂಬುದಕ್ಕೆ ಮಾತ್ರ ನನ್ನಲ್ಲಿ ಉತ್ತರ ಇಲ್ಲ ಎಂದೂ ಹೇಳಿದೆ.

ತಿಂಗಳಾದ ಮೇಲೆ ಹೋದಾಗ ಬಾಳೆಲೆಯಲ್ಲಿ ಅಪ್ಪ ತಂದಿಟ್ಟರು. ಮಗಳ ಜೊತೆ ಬಸ್ಸಿನಲ್ಲಿ ಮಧೂರಿಗೆ ಹೋಗಿದ್ದರಂತೆ.

“ಹರಕೆಯದ್ದಾ?”

“ಅಲ್ಲ, ದುಡ್ಡು ಕೊಟ್ಟು ತೆಗೆದುಕೊಂಡದ್ದು.”

“ಗಣಪತಿಗೆ ಎಂತ ಹೇಳಿದಿರಿ?”

“ಎಂತದೂ ಇಲ್ಲ ಅಕ್ಕಾ. ಎದುರು ನಿಂತೆ, ಅಷ್ಟೇ. ಎರಡು ವರ್ಷ ನಾನೇ ಮಾತಾಡಿದ್ದೇನಲ್ಲ. ಇನ್ನು ಅವನು ಮಾತಾಡಲಿ.”