ಬಾಗಿಲು ತೆಗೆದರೆ ವಾಲ್ರಸ್

ಪ್ರಶ್ನೆ: ಎಂಟನೇ ಕ್ಲಾಸಿನ ಮಕ್ಕಳಿಗೆ ಕಾಡುಪ್ರಾಣಿಗಳ ಬಗ್ಗೆ ಒಂದು ಸಾಕ್ಷ್ಯಚಿತ್ರ ತೋರಿಸಬೇಕು. ಸಿಗುವುದು ಒಂದೇ ಪೀರಿಯಡ್. ಇಂಗ್ಲಿಷ್ ಜಾಸ್ತಿ ಇದ್ದರೆ ಆಕಳಿಸುತ್ತಾರೆ. ಯಾವುದು ತೋರಿಸಲಿ ಮೇಡಂ?
— ಪ್ರೌಢಶಾಲೆ ಶಿಕ್ಷಕರು, ಗುಂಡ್ಲುಪೇಟೆ

‘ಹಾಲ್‌ಔಟ್’ ತೋರಿಸಿ ಮೇಷ್ಟ್ರೇ. 25 ನಿಮಿಷದ ಚಿತ್ರ. ಮಾತು ತೀರಾ ಕಡಿಮೆ, ಅದೂ ರಷ್ಯನ್. ಇಂಗ್ಲಿಷ್ ಬರುವವರು, ಬಾರದವರು ಎಲ್ಲರೂ ಒಂದೇ ಬೆಂಚಿನಲ್ಲಿ ಕೂರಬಹುದು. ರಷ್ಯಾದ ಈಶಾನ್ಯ ತುದಿಯ ಚುಕೋಟ್ಕಾ ಕಡಲತೀರ. ಅಲ್ಲೊಂದು ಹಳೇ ಮರದ ಗುಡಿಸಲು. ಒಳಗೆ ಒಬ್ಬ ವಿಜ್ಞಾನಿ ಸಮುದ್ರ ನೋಡುತ್ತಾ ಕಾಯುತ್ತಿರುತ್ತಾನೆ. ಏನಕ್ಕೆ ಅಂತ ಚಿತ್ರ ಹೇಳುವುದೇ ಇಲ್ಲ. ಆಮೇಲೊಮ್ಮೆ ಬಾಗಿಲು ತೆಗೆಯುತ್ತಾನೆ. ಹೊಸ್ತಿಲಿನಿಂದ ಹಿಡಿದು ಕಣ್ಣು ಹಾಯುವವರೆಗೂ ವಾಲ್ರಸ್‌ಗಳು, ಉದ್ದ ಕೋರೆಹಲ್ಲಿನ ಭಾರೀ ಕಡಲಪ್ರಾಣಿಗಳು!

ದಯವಿಟ್ಟು ಅಲ್ಲಿ ಚಿತ್ರ ನಿಲ್ಲಿಸಿ ಪಾಠ ಶುರು ಮಾಡಬೇಡಿ. ಇಷ್ಟೊಂದು ಯಾಕೆ ದಡಕ್ಕೆ ಬಂದವು ಅಂತ ಮುಗಿದ ಮೇಲೆ ಮಕ್ಕಳೇ ಕೇಳುತ್ತಾರೆ. ವಾಲ್ರಸ್ ದಣಿವಾರಿಸಿಕೊಳ್ಳುವುದು ತೇಲುವ ಮಂಜುಗಡ್ಡೆಯ ಮೇಲೆ. ಸಮುದ್ರ ಬಿಸಿಯಾಗಿ ಮಂಜುಗಡ್ಡೆ ಸಿಗದೇ ಹೋದಾಗ ಸುಮಾರು ಒಂದು ಲಕ್ಷ ಪ್ರಾಣಿಗಳು ಅದೇ ದಡಕ್ಕೆ ನುಗ್ಗುತ್ತವೆ. ಸುಸ್ತಾಗಿ ಕೆಲವು, ನೂಕುನುಗ್ಗಲಲ್ಲಿ ಕೆಲವು ಸಾಯುತ್ತವೆ. ಹಿಂಡು ಹೋದ ಮೇಲೆ ಆತ ದಡದ ಮೇಲೆ ನಡೆದು ಸತ್ತವನ್ನು ಲೆಕ್ಕ ಹಾಕುತ್ತಾನೆ. ನೋಡುವುದು ಕಷ್ಟ. ಆದರೂ ಆ ಭಾಗ ಓಡಿಸಬೇಡಿ. ಮಕ್ಕಳು ಮಾಸ್ ಸಿನಿಮಾಗಳಲ್ಲಿ ಇದಕ್ಕಿಂತ ಜಾಸ್ತಿ ಹೆಣ ನೋಡಿರುತ್ತಾರೆ.

2023ರ ಆಸ್ಕರ್‌ನಲ್ಲಿ ಇದೂ ಸ್ಪರ್ಧೆಯಲ್ಲಿತ್ತು. ಗೆದ್ದದ್ದು ನಿಮ್ಮ ನೆರೆಯ ಕಾಡಿನ ಚಿತ್ರ.

ಪ್ರಶ್ನೆ: ‘ದಿ ಎಲಿಫೆಂಟ್ ವಿಸ್ಪರರ್ಸ್’ ನೋಡಿ ಅತ್ತುಬಿಟ್ಟೆ. ನಿಮಗೂ ಇಷ್ಟ ಆಯಿತಾ?
— ಓದುಗರು, ಹಾಸನ

ಆಯಿತು. ಮೇಲೆ ನೆರೆಯ ಕಾಡು ಅಂದೆನಲ್ಲ, ಅದು ಇದೇ. ಬಂಡೀಪುರ ದಾಟಿ ಊಟಿ ಕಡೆ ಹೋದರೆ ಮುದುಮಲೈನ ತೆಪ್ಪಕಾಡು ಆನೆ ಶಿಬಿರ. ತಬ್ಬಲಿ ಮರಿಗಳನ್ನು ಸಾಕಿದ ಬೊಮ್ಮನ್, ಬೆಳ್ಳಿ ದಂಪತಿ ಕಾಟ್ಟುನಾಯಕರು, ಕಾಡಿನ ಆದಿವಾಸಿಗಳು. ನನ್ನದು ಒಂದು ತಕರಾರಿದೆ. ಬೆಳ್ಳಿಯವರ ಮೊದಲ ಗಂಡನನ್ನು ಕೊಂದದ್ದು ಹುಲಿ. ಚಿತ್ರ ಅದನ್ನು ಹೇಳಿ ಮುಂದೆ ಹೋಗಿಬಿಡುತ್ತದೆ. ಈ ಜನಕ್ಕೆ ಈ ಕಾಡಿನಲ್ಲಿ ಏನು ಹಕ್ಕಿದೆ, 2006ರ ಅರಣ್ಯ ಹಕ್ಕು ಕಾಯ್ದೆಯಿಂದ ಏನು ಸಿಕ್ಕಿತು ಎನ್ನುವ ಕಡೆ ಕ್ಯಾಮೆರಾ ತಿರುಗುವುದೇ ಇಲ್ಲ. ಬೆಳ್ಳಿಯವರು ತಮಿಳುನಾಡಿನ ಮೊದಲ ಮಹಿಳಾ ಕಾವಾಡಿಯಾಗಿ, ಅಂದರೆ ಮಾವುತರ ಸಹಾಯಕಿಯಾಗಿ, ನೇಮಕವಾದದ್ದು 2023ರಲ್ಲಿ, ಆಸ್ಕರ್ ಬಂದ ಮೇಲೆ. ಮರಿ ಸಾಕಿದ್ದು ಅದಕ್ಕೂ ಮುಂಚೆ ಅಲ್ವಾ?

ಪ್ರಶ್ನೆ: ಕಾಡು ಕಾಯುವವರನ್ನೇ ಟೀಕಿಸುವ ಚಿತ್ರ ಮಾಡಿದರೆ ಕಳ್ಳಬೇಟೆಯವರಿಗೆ ಅನುಕೂಲ ಆಗಲ್ವಾ?
— ಪದವಿ ವಿದ್ಯಾರ್ಥಿ, ಧಾರವಾಡ

ನೀವು ಕೇಳುತ್ತಿರುವುದು ಕಾಜಿರಂಗದ ಬಗ್ಗೆ ಅನ್ನಿಸುತ್ತದೆ. 2017ರಲ್ಲಿ ಬಿಬಿಸಿ ಒಂದು ಸಣ್ಣ ಚಿತ್ರ ಮಾಡಿತು. ಅಸ್ಸಾಮಿನ ಆ ಕಾಡಿನಲ್ಲಿ 2015ರಲ್ಲಿ ಬೇಟೆಗಾರರಿಂದ ಸತ್ತ ಘೇಂಡಾಮೃಗಗಳಿಗಿಂತ ಕಾವಲುಗಾರರ ಗುಂಡಿಗೆ ಸತ್ತ ಮನುಷ್ಯರೇ ಜಾಸ್ತಿ ಎಂದಿತು. ಗುಂಡೇಟಿನಿಂದ ಕಾಲು ಹಾಳಾದ ಒಬ್ಬ ಹಳ್ಳಿ ಹುಡುಗನನ್ನೂ ತೋರಿಸಿತು. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಇದೆಲ್ಲ ತಪ್ಪು ಚಿತ್ರಣ ಎಂದು ಸಿಟ್ಟಾಯಿತು. ದೇಶದ ಯಾವ ಹುಲಿ ಮೀಸಲು ಪ್ರದೇಶದಲ್ಲೂ ಬಿಬಿಸಿ ಐದು ವರ್ಷ ಚಿತ್ರೀಕರಣ ಮಾಡುವಂತಿಲ್ಲ ಅಂತಾಯಿತು.

ಕಾಜಿರಂಗದ ಕಾವಲುಗಾರರ ಕೆಲಸ ಸುಲಭದ್ದಲ್ಲ. ವರ್ಷ ವರ್ಷವೂ ಬ್ರಹ್ಮಪುತ್ರದ ನೆರೆ, ರಾತ್ರಿ ಬಂದೂಕು ಹಿಡಿದು ಬರುವ ಬೇಟೆಗಾರರು. 2022ರ ಎಣಿಕೆಯಲ್ಲಿ ಅಲ್ಲಿ 2613 ಘೇಂಡಾಮೃಗ ಸಿಕ್ಕವು ಅಂದರೆ ಅದರಲ್ಲಿ ಅವರ ಪಾಲು ದೊಡ್ಡದು. ಆದರೆ ಕಾಡಂಚಿನ ಊರಿನವರು ಯಾರನ್ನು ಕೇಳಬೇಕು? ಸೌದೆಗೋ ದನ ಹುಡುಕಲೋ ಒಳಗೆ ಹೋದವನಿಗೂ ಕೊಂಬಿನ ಆಸೆಗೆ ಬಂದವನಿಗೂ ಕತ್ತಲಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಅದನ್ನು ಕೇಳಿದ ಚಿತ್ರಕ್ಕೆ ಉತ್ತರ ಕೊಡಬಹುದಿತ್ತು. ಗೇಟು ಹಾಕಿದರು.

ಪ್ರಶ್ನೆ: ಇವನ್ನೆಲ್ಲ ಮೊಬೈಲಲ್ಲಿ ನೋಡಿದರೆ ನಡೆಯುತ್ತಾ?
— ಓದುಗರು, ಶಿರಸಿ

ನಡೆಯುತ್ತದೆ, ಇಯರ್‌ಫೋನ್ ಹಾಕಿಕೊಳ್ಳಿ. ಸಾಕ್ಷ್ಯಚಿತ್ರಗಳಿಗೆ ಸೌಂಡ್ ರೆಕಾರ್ಡ್ ಮಾಡಿ ಹೊಟ್ಟೆ ಹೊರೆದವಳು ಇನ್ನೇನು ಹೇಳಿಯಾಳು!

ಪ್ರಶ್ನೆ: ನಲವತ್ತು ನಿಮಿಷದ ಚಿತ್ರದಿಂದ ಏನಾದರೂ ಬದಲಾಗುತ್ತಾ? ಸುಮ್ನೆ ಪ್ರಶಸ್ತಿಗೆ ಮಾಡ್ತಾರೆ ಅನ್ನಿಸುತ್ತದೆ.
— ವಕೀಲರು, ಕಲಬುರಗಿ

ಪಾಕಿಸ್ತಾನದ ಕಥೆ ಕೇಳಿ. ಶರ್ಮೀನ್ ಒಬೈದ್ ಚಿನಾಯ್ ಅವರ ‘ಎ ಗರ್ಲ್ ಇನ್ ದಿ ರಿವರ್’ 2016ರಲ್ಲಿ ಆಸ್ಕರ್ ಗೆದ್ದಿತು. ಮೆಚ್ಚಿದವನನ್ನು ಮದುವೆಯಾದ ಹುಡುಗಿಗೆ ಅಪ್ಪ, ಚಿಕ್ಕಪ್ಪ ಸೇರಿ ಗುಂಡು ಹೊಡೆದು, ಚೀಲದಲ್ಲಿ ಕಟ್ಟಿ ನೀರಿಗೆಸೆದರು. ಅವಳು ಬದುಕಿಬಂದಳು. ಕೊನೆಗೆ ಊರ ಹಿರಿಯರ ಒತ್ತಡಕ್ಕೆ ಮಣಿದು ಕ್ಷಮಿಸಬೇಕಾಯಿತು. ಕ್ಷಮಿಸಿದರೆ ಬಿಡುಗಡೆ, ಅಲ್ಲಿನ ಕಾನೂನೇ ಹಾಗಿತ್ತು.

ಪ್ರಧಾನಿ ನವಾಜ್ ಷರೀಫ್ ತಮ್ಮ ಕಚೇರಿಯಲ್ಲೇ ಚಿತ್ರ ಹಾಕಿಸಿ, ಕಾನೂನು ಬದಲಿಸುತ್ತೇವೆ ಎಂದರು. ತಿಂಗಳುಗಳು ಹೋದವು. ಜುಲೈನಲ್ಲಿ ಸೋಶಿಯಲ್ ಮೀಡಿಯಾ ತಾರೆ ಕಂದೀಲ್ ಬಲೋಚ್ ಸ್ವಂತ ಸಹೋದರನ ಕೈಯಲ್ಲೇ ಸತ್ತಳು. ಅಕ್ಟೋಬರ್‌ನಲ್ಲಿ ಕಾಯ್ದೆ ಬಂತು. ಮನೆಯವರು ಕ್ಷಮಿಸಿದರೂ ಮರ್ಯಾದೆಗೇಡು ಹತ್ಯೆಗೆ ಜೀವಾವಧಿ ಖಾಯಂ. ಚಿತ್ರ ಬಾಗಿಲು ತಟ್ಟಿತ್ತು, ತೆಗೆಸಿದ್ದು ಇನ್ನೊಂದು ಹೆಣ.

ನೀವು ವಕೀಲರು, ಮುಂದಿನದೂ ತಿಳಿದಿರಲಿ. ಕೊಲೆ ಮರ್ಯಾದೆಯ ಹೆಸರಲ್ಲಿ ಆದದ್ದು ಹೌದೋ ಅಲ್ಲವೋ ಎಂದು ಅಲ್ಲಿ ತೀರ್ಮಾನಿಸುವವರು ನ್ಯಾಯಾಧೀಶರು. ಅಲ್ಲ ಎಂದರೆ ಹಳೇ ಕ್ಷಮೆಯ ದಾರಿ ಮತ್ತೆ ತೆರೆಯುತ್ತದೆ. ಕಂದೀಲ್ ಸಹೋದರನಿಗೆ 2019ರಲ್ಲಿ ಜೀವಾವಧಿ ಶಿಕ್ಷೆಯಾಯಿತು. 2022ರಲ್ಲಿ ಹೈಕೋರ್ಟು ಅವನನ್ನು ಬಿಟ್ಟಿತು. ಆ ಸಂದಿಯ ಮೇಲೆ ಯಾರಾದರೂ ಇನ್ನೊಂದು ನಲವತ್ತು ನಿಮಿಷದ ಚಿತ್ರ ಮಾಡಲಿ. ಪ್ರಶಸ್ತಿಗೇ ಮಾಡಿದರೂ ಪರವಾಗಿಲ್ಲ.